ಟ್ಯೂಬಿಂಗೆನ್‌ನಲ್ಲಿ ನಾನು ನೆಲೆ ನಿಂತದ್ದು

ನಾನು ಓದಲು ಬಂದದ್ದು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ. ಜರ್ಮನಿಗೆ ಓದಲು ಹೊರಟವರು ನನ್ನನ್ನು ಕೇಳುವುದು ಜಾಸ್ತಿ ಎರಡೇ ಪ್ರಶ್ನೆ. ಪಾಠ ಕಷ್ಟವಾ? ಚಳಿ ಎಷ್ಟು? ನಾನು ಹೇಳುವುದು ಬೇರೆ. ಹೋದ ದಿನವೇ ನಿಮ್ಮ ಮನೆಯ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಮಿಕ್ಕಿದ್ದು ಆಮೇಲೆ.

ಇಲ್ಲಿ ಬ್ಯಾಂಕ್ ಕಾರ್ಡು, ಅದರ ಪಿನ್ನು, ವಿಮೆ ಕಾರ್ಡು, ತೆರಿಗೆ ನಂಬರು, ಎಲ್ಲ ಬರುವುದು ಅಂಚೆಯಲ್ಲಿ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇರುವುದಿಲ್ಲ. ಊರಿನದೋ ಅಪ್ಪನದೋ ಇನಿಷಿಯಲ್, ಆಮೇಲೆ ಹೆಸರು, ಅಷ್ಟೇ. ಪಾಸ್‌ಪೋರ್ಟಿನಲ್ಲೂ ಆ ಜಾಗ ಖಾಲಿ. ಇಲ್ಲಿನ ಅರ್ಜಿಗಳಲ್ಲಿ ಅದನ್ನು ಖಾಲಿ ಬಿಡುವ ಹಾಗಿಲ್ಲ. ಒಂದು ಕಡೆ ನನ್ನ ಹೆಸರೇ ಮನೆತನದ ಹೆಸರಾಗುತ್ತದೆ, ಇನ್ನೊಂದು ಕಡೆ ಅಪ್ಪನ ಹೆಸರು. ನನಗಿಂತ ಮೊದಲು ಬಂದಿದ್ದ ಹಾಸನದ ಹುಡುಗಿಯೊಬ್ಬಳು ಇದನ್ನು ಫೋನಿನಲ್ಲೇ ಹೇಳಿದ್ದಳು. ಅವಳ ಮಾತಿನಂತೆ ನನ್ನ ಹೆಸರು ಹೇಗೆಲ್ಲ ಬರಬಹುದೋ ಅಷ್ಟನ್ನೂ ಡಬ್ಬಿಯ ಮೇಲೆ ಬರೆದೆ. ಹೋದ ಕಚೇರಿಯಲ್ಲೆಲ್ಲ ಪಾಸ್‌ಪೋರ್ಟ್ ತೋರಿಸಿ, ಇದರಲ್ಲಿರುವ ಹಾಗೇ ಬರೆಯಿರಿ ಅಂತ ಕೇಳಿಕೊಂಡೆ. ಒಂದು ಕಾಗದವೂ ತಪ್ಪಲಿಲ್ಲ.

ಆಮೇಲಿನ ಕೆಲಸ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು ಎನ್ನುವುದು ಕಾನೂನು. ಇದಕ್ಕೆ ಮನೆ ಮಾಲೀಕರ ಸಹಿ ಇರುವ ಒಂದು ಫಾರಂ ಬೇಕು. ಬಾಡಿಗೆ ಕರಾರು ಮಾತ್ರ ಸಾಕಾಗುವುದಿಲ್ಲ. ಹಾಗಾಗಿ ಕೋಣೆ ಹುಡುಕುವಾಗಲೇ, ಆ ಫಾರಂ ಕೊಡುತ್ತೀರಾ ಅಂತ ನೇರವಾಗಿ ಕೇಳಿ. ಕೊಡುವುದಿಲ್ಲ ಎಂದರೆ ಆ ಮನೆ ಬೇಡವೇ ಬೇಡ. ವಿದ್ಯಾರ್ಥಿ ನಿಲಯಗಳಲ್ಲಿ ಈ ಚಿಂತೆ ಇಲ್ಲ, ಆದರೆ ಅಲ್ಲಿ ಕಾಯುವವರ ಸಾಲು ಉದ್ದ. ಕೋರ್ಸಿಗೆ ಸೀಟು ಸಿಕ್ಕ ದಿನವೇ ಅರ್ಜಿ ಹಾಕುವುದು ಒಳ್ಳೆಯದು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ಅದರಲ್ಲಿ ತಿಂಗಳಿಗೆ 992 ಯೂರೊ ಕೈಗೆ ಬರುತ್ತದೆ. ಜರ್ಮನಿಯಲ್ಲಿ ಫೀಸ್ ಇಲ್ಲ ಎಂಬ ಮಾತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಕ್ಕೆ ಹೊಂದುವುದಿಲ್ಲ. ಯುರೋಪ್ ಒಕ್ಕೂಟದ ಹೊರಗಿನವರಿಗೆ ಇಲ್ಲಿ 2017ರಿಂದ ಸೆಮಿಸ್ಟರಿಗೆ 1500 ಯೂರೊ ಇದೆ. ಟ್ಯೂಬಿಂಗೆನ್ ಇರುವುದು ಈ ರಾಜ್ಯದಲ್ಲೇ. ಇನ್ನು ರೇಡಿಯೊ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೊ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ಮನೆಗೊಂದು, ತಲೆಗೊಂದಲ್ಲ. ನಮ್ಮ ಫ್ಲಾಟಿನಲ್ಲಿ ಒಬ್ಬರ ಹೆಸರಲ್ಲಿ ಕಟ್ಟಿ ಎಲ್ಲರೂ ಹಂಚಿಕೊಳ್ಳುತ್ತೇವೆ.

ಈ ಊರು ನನ್ನನ್ನು ಸೇರಿಸಿಕೊಂಡಿದ್ದು ಕೇರ್‌ವೊಖೆಯಿಂದ. ಇದು ಈ ಸೀಮೆಯ, ಅಂದರೆ ಶ್ವಾಬೆನ್ ಕಡೆಯ ಹಳೇ ಪದ್ಧತಿ. ವಾರಕ್ಕೊಂದು ಮನೆಯವರು ಸರದಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸಬೇಕು. ಮನೆ ಮುಂದಿನ ಕಾಲುದಾರಿಯೂ ಸರದಿಯಲ್ಲಿ ಬರುತ್ತದೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ತೂಗುಹಾಕುತ್ತಾರೆ. ನಮ್ಮ ಬಾಗಿಲಿಗೆ ಅದು ಬಂದ ಮೊದಲ ವಾರ ನಾನೇ ಕೆಳಗಿನ ಮನೆಯ ಅಜ್ಜಿಯ ಬೆಲ್ ಒತ್ತಿ, ಹೇಗೆ ಮಾಡಬೇಕು ತೋರಿಸಿ ಅಂತ ಕೇಳಿದೆ. ಅವರು ಬಕೆಟ್ ಎಲ್ಲಿದೆ, ಮೆಟ್ಟಿಲಿನ ಮೂಲೆಯಲ್ಲಿ ಬಟ್ಟೆ ಹೇಗೆ ತಿರುಗಿಸಬೇಕು, ಹಿಮ ಬಿದ್ದರೆ ಎಷ್ಟು ಹೊತ್ತಿಗೆ ತಳ್ಳಬೇಕು, ಎಲ್ಲ ಹೇಳಿಕೊಟ್ಟರು. ಅಲ್ಲಿಯವರೆಗೆ ತಲೆಯಾಡಿಸಿ ಹೋಗುತ್ತಿದ್ದ ಅಕ್ಕಪಕ್ಕದವರು ಆಮೇಲೆ ನಿಂತು ಮಾತಾಡಿಸಲು ಶುರು ಮಾಡಿದರು. ಬೆಳಿಗ್ಗೆ ಎದ್ದು ಅಂಗಳ ಗುಡಿಸುವ ಮನೆಯಿಂದ ಬಂದವರಿಗೆ ಇದೇನೂ ಹೊಸದಲ್ಲ, ಅಲ್ವಾ? ಜರ್ಮನ್ನರು ಬೆರೆಯುವುದಿಲ್ಲ ಎಂದು ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯ ಕೆಲಸಕ್ಕೆ ಕೈ ಹಾಕಿದವರನ್ನು ಅವರು ಬೇಗ ಹತ್ತಿರ ಬಿಟ್ಟುಕೊಳ್ಳುತ್ತಾರೆ.

ಕಸ ಬೇರೆ ಮಾಡುವುದನ್ನೂ ಹೀಗೇ ಕಲಿತೆ. ಖಾಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳನ್ನು ಮಾತ್ರ ಕಸಕ್ಕೆ ಹಾಕಬೇಡಿ. ಅಂಗಡಿಯ ಮಷೀನಿಗೆ ಹಾಕಿದರೆ ಹೆಚ್ಚಿನವಕ್ಕೆ ಒಂದಕ್ಕೆ 25 ಸೆಂಟ್ ವಾಪಸ್. ಟ್ಯೂಬಿಂಗೆನ್‌ನಲ್ಲಿ ಇನ್ನೊಂದು ವಿಶೇಷ ಇದೆ. ಪಾರ್ಸೆಲ್‌ಗೆ ಕೊಡುವ ಬಿಸಾಡುವ ಲೋಟ, ತಟ್ಟೆಗೆ 2022ರಿಂದ ನಗರಸಭೆಯ ತೆರಿಗೆ, ಒಂದಕ್ಕೆ 50 ಸೆಂಟ್. ಅದಕ್ಕೇ ನನ್ನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಯಾವಾಗಲೂ ಇರುತ್ತದೆ.

ಊಟಕ್ಕೆ ಟರ್ಕಿಯವರ ಅಂಗಡಿಗಳು ದೊಡ್ಡ ಆಸರೆ. ಕೊತ್ತಂಬರಿ ಸೊಪ್ಪು, ಕೆಂಪು ಬೇಳೆ, ಕಡಲೆಕಾಳು, ಜೀರಿಗೆ ಎಲ್ಲ ಸಿಗುತ್ತದೆ. ತೊಗರಿಬೇಳೆ, ಸಾಂಬಾರ್ ಪುಡಿ, ರಾಗಿ ಹಿಟ್ಟಿಗೆ ರೈಲಿನಲ್ಲಿ ಸ್ಟುಟ್‌ಗಾರ್ಟ್‌ಗೆ ಹೋಗಿ ಬರುತ್ತೇನೆ. ಉಪ್ಪಿಟ್ಟಿಗೆ ಇಲ್ಲಿನ ಗಟ್ಟಿ ಗೋಧಿಯ ರವೆ, ಅಂದರೆ ಹಾರ್ಟ್‌ವೈತ್ಸೆನ್‌ಗ್ರೀಸ್ ತೆಗೆದುಕೊಳ್ಳಿ. ಮೆದು ಗೋಧಿಯ ರವೆ ಮುದ್ದೆಯಾಗುತ್ತದೆ, ಇದು ಉದುರಾಗಿ ಬರುತ್ತದೆ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹಾಲು ಮೊಸರು ತಂದಿಡಬೇಕು. ಶ್ವಾಬೆನ್ ಜನ ಶ್ಪೆಟ್ಸ್ಲೆ ಎಂಬ ಮೊಟ್ಟೆ ಹಾಕಿದ ನೂಡಲ್ಸ್ ಜೊತೆ ಬೇಳೆ ತಿನ್ನುತ್ತಾರೆ. ಫ್ಲಾಟಿನ ಗೆಳೆಯ ಅದನ್ನು ಮಾಡಿದಾಗ ನಾನು ಇಂಗು ಸಾಸಿವೆ ಒಗ್ಗರಣೆ ಹಾಕಿದೆ. ಈಗ ಅವನೇ ಕೇಳಿ ಹಾಕಿಸಿಕೊಳ್ಳುತ್ತಾನೆ.

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಚಳಿಗಿಂತ ಈ ಕತ್ತಲೇ ಮನಸ್ಸನ್ನು ಜಾಸ್ತಿ ಕುಗ್ಗಿಸುತ್ತದೆ. ಮಧ್ಯಾಹ್ನ ವಿಶ್ವವಿದ್ಯಾಲಯದ ಊಟದ ಮನೆ ಮೆನ್ಸಾದಲ್ಲಿ ಉಂಡ ತಕ್ಷಣ, ಬೆಳಕಿರುವಾಗಲೇ ನೆಕ್ಕರ್ ನದಿಯ ಪಕ್ಕ ನಡೆಯುವುದನ್ನು ನಾನು ತಪ್ಪಿಸುತ್ತಿರಲಿಲ್ಲ. ಈ ಊರಿಗೂ ನಮಗೂ ಹಳೇ ನಂಟು ಇದೆ ಎನ್ನುವುದು ಆಗ ಧೈರ್ಯ ಕೊಡುತ್ತಿತ್ತು. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇಲ್ಲಿ. 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡಿದ್ದೂ ಇದೇ ಊರಲ್ಲಿ. ಧಾರವಾಡ, ಮಂಗಳೂರಿನ ಮಾತು ಕಲಿಯಲು ಅವರಿಬ್ಬರೂ ಪಟ್ಟ ಪಾಡು ನೆನೆದರೆ ನನ್ನ ಜರ್ಮನ್ ಪಾಠ ಹಗುರ ಅನ್ನಿಸುತ್ತಿತ್ತು.

ಆ ಪಾಠ ಬಿಡಬೇಡಿ. ಕೋರ್ಸು ಇಂಗ್ಲಿಷಿನಲ್ಲಿದ್ದರೂ ಕಚೇರಿಯ ಕಾಗದಗಳು ಜರ್ಮನ್‌ನಲ್ಲೇ ಬರುತ್ತವೆ. ನಾನು ಮೊದಲ ಸೆಮಿಸ್ಟರಿನಿಂದಲೇ ಸಂಜೆ ತರಗತಿಗೆ ಸೇರಿದೆ. ಭಾಷೆಯ ಮಧ್ಯಮ ಹಂತವಾದ ಬಿ1 ಮುಗಿದ ಮೇಲೆ ವಿಭಾಗದಲ್ಲೇ ಹಿವಿ ಕೆಲಸ ಸಿಕ್ಕಿತು, ಪ್ರೊಫೆಸರಿಗೆ ಸಹಾಯ ಮಾಡುವ ವಿದ್ಯಾರ್ಥಿ ಕೆಲಸ ಅದು. ಹೊರಗೆ ಕೆಲಸ ಮಾಡಿದರೆ ವರ್ಷಕ್ಕೆ 140 ಪೂರ್ತಿ ದಿನಗಳ ಮಿತಿ ಇದೆ. ಹಿವಿ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ನಿಮ್ಮ ವಿಭಾಗದ ನೋಟಿಸ್ ಬೋರ್ಡ್ ನೋಡಿ, ಕೆಫೆ ಅಂಗಡಿಗಳ ಕೆಲಸ ಆಮೇಲೆ ಹುಡುಕಿ.