ಕಿನ್ನಾಳದ ಗರುಡ ಕುಳ್ಳಾಗದಂತೆ: ಜಾಲತಾಣಕ್ಕಾಗಿ ಚಿತ್ರದ ಅಳತೆ ಬದಲಿಸುವುದು

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಮರದ ಗೊಂಬೆಗಳನ್ನು ಜಾಲತಾಣದಲ್ಲಿ ಮಾರಾಟಕ್ಕಿಡುವವರು ನಿಂತ ಗರುಡನ ಫೋಟೊ ತೆಗೆದಿದ್ದಾರೆ ಎಂದುಕೊಳ್ಳೋಣ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಆ ಚಿತ್ರದ ಅಗಲ 3000 ಪಿಕ್ಸೆಲ್, ಎತ್ತರ 4000 ಪಿಕ್ಸೆಲ್. ತಾಣದಲ್ಲಿರುವ ಜಾಗವೋ 600ಕ್ಕೆ 600ರ ಚೌಕ. ಎರಡೂ ಕಡೆ 600 ಎಂದು ತುಂಬಿಬಿಟ್ಟರೆ ಗರುಡನು ಮೇಲಿನಿಂದ ಒತ್ತಿದಂತೆ ಕುಳ್ಳಾಗುತ್ತಾನೆ. ಗೊಂಬೆ ಮಾಡುವ ಚಿತ್ರಗಾರರು ಕೈಯಳತೆಯಲ್ಲಿ ಕಾಪಾಡಿದ ಮೈಕಟ್ಟು ಒಂದು ಕ್ಲಿಕ್ಕಿನಲ್ಲಿ ಕೆಡುತ್ತದೆ.

ಆದ್ದರಿಂದ ಒಂದು ಅಳತೆಯನ್ನು ಮಾತ್ರ ನಾವು ಕೊಟ್ಟು, ಇನ್ನೊಂದನ್ನು ತಂತ್ರಾಂಶಕ್ಕೆ ಬಿಡಬೇಕು. ಉಚಿತವಾಗಿ ಸಿಗುವ, ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಮೂಲ ಫೈಲಿನ ಒಂದು ನಕಲನ್ನು ತೆರೆದು, ‘ಇಮೇಜ್’ ಮೆನುವಿನಲ್ಲಿ ‘ಸ್ಕೇಲ್ ಇಮೇಜ್’ ಆರಿಸಿ, ಅಗಲ ಮತ್ತು ಎತ್ತರದ ಪಕ್ಕದಲ್ಲಿರುವ ಸರಪಳಿಯ ಗುರುತು ಕೂಡಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಅಗಲಕ್ಕೆ 600 ಎಂದು ಬರೆದು ಟ್ಯಾಬ್ ಒತ್ತಿದರೆ ಎತ್ತರ ತಾನಾಗಿಯೇ 800 ಆಗುತ್ತದೆ. ಸರಪಳಿ ಬಿಚ್ಚಿಕೊಂಡಿದ್ದರೆ ಎತ್ತರ 4000ದಲ್ಲಿಯೇ ಉಳಿದು, ಗರುಡನು ಕಂಬದಂತೆ ನೀಳವಾಗುತ್ತಾನೆ.

ಈಗ ಚೌಕಕ್ಕಿಂತ 200 ಪಿಕ್ಸೆಲ್ ಎತ್ತರ ಹೆಚ್ಚಾಗಿದೆ. ಅದನ್ನು ಕುಗ್ಗಿಸದೆ ಕತ್ತರಿಸಬೇಕು, ಅಂದರೆ ಕ್ರಾಪ್ ಮಾಡಬೇಕು. ಮೇಲೊಂದಿಷ್ಟು, ಕೆಳಗೊಂದಿಷ್ಟು ಎಂದು ಸಮನಾಗಿ ಕತ್ತರಿಸಿದರೆ ಕಿರೀಟವೇ ಹೋಗಬಹುದು. ಪೀಠದ ಕೆಳಗೆ ಖಾಲಿ ನೆಲವಿದ್ದರೆ ಅಲ್ಲಿಂದಲೇ ತೆಗೆಯುವುದು ಲೇಸು. ಗೊಂಬೆಯು ಚಿತ್ರದ ತುಂಬ ಇದ್ದು ಕತ್ತರಿಸಲು ಜಾಗವಿಲ್ಲದಿದ್ದರೆ, ಎತ್ತರವನ್ನು 600ಕ್ಕೆ ಇಳಿಸಿದಾಗ ಅಗಲ 450 ಆಗುತ್ತದೆ. ಎಡಬಲಗಳಲ್ಲಿ ತಲಾ 75 ಪಿಕ್ಸೆಲ್ ತಿಳಿಬಣ್ಣ ತುಂಬಿದರೆ ಚೌಕ ಪೂರ್ಣವಾಗುತ್ತದೆ. ಮಾರಾಟದ ವಸ್ತುವಿಗೆ ನನಗೆ ಈ ಎರಡನೆಯ ದಾರಿಯೇ ಒಪ್ಪಿಗೆ, ಏಕೆಂದರೆ ಕೊಳ್ಳುವವರಿಗೆ ಗೊಂಬೆ ಇಡಿಯಾಗಿ ಕಾಣುತ್ತದೆ.

ಫೈಲ್ ಸರಿಯಿದ್ದರೂ ಪುಟದಲ್ಲಿ ಚಿತ್ರ ಸೊಟ್ಟಗಾದರೆ ದೋಷ ಸಾಮಾನ್ಯವಾಗಿ ಪುಟದ ರೂಪವನ್ನು ನಿರ್ಧರಿಸುವ ಸಂಕೇತವಾದ ಸಿಎಸ್‌ಎಸ್‌ನಲ್ಲಿರುತ್ತದೆ. ಅಗಲವನ್ನು ಶೇಕಡಾ 100 ಎಂದು ಬರೆದಲ್ಲಿ ಎತ್ತರಕ್ಕೆ ‘ಆಟೊ’ ಕೊಡಬೇಕು. ಎರಡೂ ಅಳತೆ ನಿಗದಿಯಾಗಿರಲೇಬೇಕಾದ ಕಡೆ ‘ಆಬ್ಜೆಕ್ಟ್-ಫಿಟ್’ ಗುಣಕ್ಕೆ ‘ಕವರ್’ ಎಂದರೆ ಚೌಕಟ್ಟನ್ನು ಮೀರಿದ ಭಾಗ ಮರೆಯಾಗುತ್ತದೆ, ‘ಕಂಟೇನ್’ ಎಂದರೆ ಇಡೀ ಚಿತ್ರ ಕಾಣುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಧಾರಣ ಫೋಟೊವಾಗಿ ಬಂದ ಚಿತ್ರ ಮೊದಲೇ ಕುಗ್ಗಿರುತ್ತದೆ. ಚಿಕ್ಕದನ್ನು ಹಿಗ್ಗಿಸಿದರೆ ಅಗಲ-ಎತ್ತರದ ಅನುಪಾತ ಉಳಿದರೂ ಬಣ್ಣದ ಗೆರೆಗಳು ಮಸುಕಾಗುವುದರಿಂದ, ಕಳುಹಿಸುವವರಿಗೆ ಮೂಲ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಿ.