ಇಪ್ಪತ್ತು ಸಾವಿರದ ಫೋನ್: ಕಂಪನಿ ಎಲ್ಲಿ ಉಳಿಸಿದೆ ಎಂದು ಪತ್ತೆಹಚ್ಚುವುದು ಹೇಗೆ?

ಹದಿನೈದರಿಂದ ಇಪ್ಪತ್ತೈದು ಸಾವಿರ ರೂಪಾಯಿವರೆಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಬಳಸಲಿಕ್ಕೇ ಬಾರದಷ್ಟು ಕೆಟ್ಟದ್ದು ಈಗ ಅಪರೂಪ. ಆದರೆ ಈ ಬೆಲೆಗೆ ಎಲ್ಲವನ್ನೂ ಚೆನ್ನಾಗಿಯೇ ಕೊಡಲು ಯಾವ ಕಂಪನಿಗೂ ಸಾಧ್ಯವಿಲ್ಲ. ಪರದೆಗೆ ಧಾರಾಳವಾಗಿ ಖರ್ಚು ಮಾಡಿದವರು ಸ್ಟೋರೇಜಿನಲ್ಲಿ ಉಳಿಸಿರುತ್ತಾರೆ, ಕ್ಯಾಮೆರಾಕ್ಕೆ ಸುರಿದವರು ಫೋನಿನ ಮಿದುಳಾದ ಚಿಪ್ಪಿನಲ್ಲಿ ಕೈ ಬಿಗಿಹಿಡಿದಿರುತ್ತಾರೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಖರ್ಚು ಮಾಡಿದ ಜಾಗದ ಸುದ್ದಿ. ಉಳಿಸಿದ ಜಾಗದ ಸುದ್ದಿ ಅಲ್ಲಿರುವುದಿಲ್ಲ. ಹಾಗಾಗಿ ಫೋನನ್ನು ಪರೀಕ್ಷಿಸುವುದೆಂದರೆ ಆ ಉಳಿತಾಯ ಎಲ್ಲಿ ಆಗಿದೆ ಎಂದು ಕಂಡುಹಿಡಿದು, ಆ ಕೊರತೆಯನ್ನು ನಾಲ್ಕು ವರ್ಷ ಸಹಿಸಿಕೊಳ್ಳಲು ನಮ್ಮಿಂದ ಆದೀತೇ ಎಂದು ತೀರ್ಮಾನಿಸುವುದು. ಈ ಕೆಲಸ ಮೂರು ಕಡೆ ನಡೆಯಬೇಕು: ಕೊಳ್ಳುವ ಮುನ್ನ ಮನೆಯಲ್ಲಿ, ಬಳಿಕ ಅಂಗಡಿಯಲ್ಲಿ, ಕೊನೆಗೆ ಫೋನ್ ಕೈಗೆ ಬಂದ ಮೊದಲ ವಾರದಲ್ಲಿ.

ಮನೆಯಲ್ಲಿ ಕುಳಿತು ಮಾಡಬೇಕಾದದ್ದು

ಮೊದಲು ನೆಟ್‌ವರ್ಕ್. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎನ್78 ಎಂಬ ಬ್ಯಾಂಡ್ (ತರಂಗಗಳ ಆವರ್ತನದ ವಲಯ), ಅದರ ಜೊತೆಗೆ ಜಿಯೋ 700 ಮೆಗಾಹರ್ಟ್ಸ್‌ನ ಎನ್28 ಬ್ಯಾಂಡನ್ನೂ ಬಳಸುತ್ತದೆ. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಸಾಗುತ್ತದೆ, ಗೋಡೆ ದಾಟಿ ಒಳಕೋಣೆಯನ್ನೂ ಮುಟ್ಟುತ್ತದೆ. ಆದ್ದರಿಂದ ಕಂಪನಿಯ ಜಾಲತಾಣದ ವಿವರಪಟ್ಟಿಯಲ್ಲಿ ಈ ಎರಡೂ ಹೆಸರು ಇವೆಯೇ ಎಂದು ನೋಡಬೇಕು. ಮಲೆನಾಡಿನಲ್ಲಿ ಬಿಎಸ್‌ಎನ್‌ಎಲ್ ಟವರನ್ನೇ ನಂಬಿರುವವರು ಅದರ 4ಜಿ ನಡೆಯುವ ಬ್ಯಾಂಡ್ 28 ಮತ್ತು ಬ್ಯಾಂಡ್ 1 ಇವೆಯೇ ಎಂದೂ ಪರಿಶೀಲಿಸಬೇಕು. ಭಾರತಕ್ಕೆಂದೇ ತಯಾರಾದ ಫೋನುಗಳಲ್ಲಿ ಇವು ಸಾಮಾನ್ಯವಾಗಿ ಇರುತ್ತವೆ. ಅಮೆರಿಕದಲ್ಲಿರುವ ಮಗನೋ ಮಗಳೋ ಬರುವಾಗ ತಂದುಕೊಟ್ಟ ಫೋನಿನಲ್ಲಿ ಇರುತ್ತವೆ ಎಂಬ ಖಾತ್ರಿಯಿಲ್ಲ, ಅದರ ವಾರಂಟಿಯೂ ಇಲ್ಲಿ ನಡೆಯದೇ ಹೋಗಬಹುದು.

ಎರಡನೆಯದು ಸಾಫ್ಟ್‌ವೇರ್ ಅಪ್‌ಡೇಟ್. ಇದರಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ: ಆಂಡ್ರಾಯ್ಡಿನ ಹೊಸ ಆವೃತ್ತಿಗಳು ಎಷ್ಟು ಬರುತ್ತವೆ ಎಂಬುದು ಒಂದು, ಭದ್ರತಾ ಪ್ಯಾಚುಗಳು, ಅಂದರೆ ಸುರಕ್ಷತೆಯ ಬಿರುಕು ಮುಚ್ಚುವ ತಿದ್ದುಪಡಿಗಳು, ಎಷ್ಟು ವರ್ಷ ಬರುತ್ತವೆ ಎಂಬುದು ಇನ್ನೊಂದು. ಬ್ಯಾಂಕ್ ವ್ಯವಹಾರವೆಲ್ಲ ಫೋನಿನಲ್ಲೇ ನಡೆಯುತ್ತಿರುವಾಗ ಎರಡನೆಯದೇ ಮುಖ್ಯ. ಇಲ್ಲಿ ಎಚ್ಚರ ತಪ್ಪುವುದು ಸುಲಭ, ಏಕೆಂದರೆ ಈ ವರ್ಷಗಳನ್ನು ಎಣಿಸುವುದು ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯಿದ್ದ ಫೋನ್ ಬಿಡುಗಡೆಯಾಗಿ ಒಂದೂವರೆ ವರ್ಷದ ಮೇಲೆ ಹಬ್ಬದ ರಿಯಾಯಿತಿಯಲ್ಲಿ ನಾಲ್ಕು ಸಾವಿರ ಕಡಿಮೆಗೆ ಸಿಕ್ಕರೆ, ನಮ್ಮ ಪಾಲಿಗೆ ಉಳಿದಿರುವುದು ಎರಡೂವರೆ ವರ್ಷ. ಈ ವಿಷಯದಲ್ಲಿ ಕಂಪನಿಗಳ ನಡುವಿನ ಅಂತರ ದೊಡ್ಡದು. 2024ರ ಕೊನೆಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಭರವಸೆ ಇತ್ತು. ಅದೇ ಬೆಲೆಯ ಇತರ ಅನೇಕ ಫೋನುಗಳಿಗೆ ಇದ್ದದ್ದು ಎರಡು ಆವೃತ್ತಿ, ಮೂರು ವರ್ಷದ ಪ್ಯಾಚು. ಹಾಗೆಂದು ಕಣ್ಣುಮುಚ್ಚಿ ಆರು ವರ್ಷದ ಭರವಸೆಯ ಬೆನ್ನು ಹತ್ತುವುದೂ ಸರಿಯಲ್ಲ. ಸಾಧಾರಣ ಚಿಪ್ಪಿನ ಮೇಲೆ ಐದನೇ ವರ್ಷದ ಆವೃತ್ತಿ ಹೇಗೆ ನಡೆದೀತು ಎಂಬುದನ್ನು ಯಾವ ಭರವಸೆಪತ್ರವೂ ಹೇಳುವುದಿಲ್ಲ.

ಚಿಪ್ಪಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬಾರದು. ಮೀಡಿಯಾಟೆಕ್ ಕಂಪನಿಯ ಡೈಮೆನ್ಸಿಟಿ 7050 ಎಂಬುದು ಹಿಂದಿನ ಡೈಮೆನ್ಸಿಟಿ 1080ಕ್ಕೆ ಇಟ್ಟ ಹೊಸ ಹೆಸರು, 6080 ಎಂಬುದು ಹಳೆಯ 810ಕ್ಕೆ. ಕೋರ್ ಎಂದರೆ ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ. 'ಎಂಟು ಕೋರ್' ಎಂಬ ಮಾತಿನಿಂದಲೂ ಏನೂ ತಿಳಿಯುವುದಿಲ್ಲ, ಈ ಬೆಲೆಯ ಎಲ್ಲ ಚಿಪ್ಪುಗಳಲ್ಲೂ ಎಂಟೇ ಇರುತ್ತವೆ; ಎಂಟು ಜನರ ಮನೆಯಲ್ಲಿ ದುಡಿಯುವವರು ಇಬ್ಬರೋ ನಾಲ್ವರೋ ಎಂದು ಕೇಳಬೇಕು. ಸ್ನಾಪ್‌ಡ್ರಾಗನ್ 695ರಲ್ಲಿ ಕಾರ್ಟೆಕ್ಸ್-ಎ78 ಎಂಬ ಬಲಿಷ್ಠ ಕೋರುಗಳು ಎರಡು, ಡೈಮೆನ್ಸಿಟಿ 7300ರಲ್ಲಿ ನಾಲ್ಕು. ಚಿಪ್ಪಿನ ಹೆಸರು ಗೊತ್ತಾದರೆ ಈ ಲೆಕ್ಕವನ್ನು ಅಂತರ್ಜಾಲದಲ್ಲಿ ಐದು ನಿಮಿಷದಲ್ಲಿ ಹುಡುಕಬಹುದು.

ನನ್ನ ಅನುಭವದಲ್ಲಿ ಜನ ಅತಿ ಕಡಿಮೆ ವಿಚಾರಿಸುವುದು ಸ್ಟೋರೇಜಿನ ಬಗೆಯನ್ನು; ಎರಡು ವರ್ಷದ ಬಳಿಕ ಅತಿ ಹೆಚ್ಚು ಕಾಡುವುದೂ ಅದೇ. 128 ಜಿಬಿ ಎಂದಷ್ಟೇ ಬರೆದಿರುತ್ತಾರೆ. ಆದರೆ ಅದು ಇಎಂಎಂಸಿ ಎಂಬ ಹಳೆಯ ಬಗೆಯದಾಗಿದ್ದರೆ ಸೆಕೆಂಡಿಗೆ ಸುಮಾರು 250ರಿಂದ 300 ಎಂಬಿ ಓದುತ್ತದೆ, ಯುಎಫ್‌ಎಸ್ 2.2 ಆಗಿದ್ದರೆ ಹೆಚ್ಚುಕಡಿಮೆ ಅದರ ಮೂರು ಪಟ್ಟು, ಯುಎಫ್‌ಎಸ್ 3.1 ಇನ್ನೂ ಮುಂದೆ. ಹೊಸದರಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳ ವಿಡಿಯೊಗಳು ತುಂಬಿ, ಆ್ಯಪುಗಳು ದಪ್ಪಗಾದ ಮೇಲೆ, ಕಿರಾಣಿ ಅಂಗಡಿಯಲ್ಲಿ ಹಣ ಕೊಡಲು ನಿಂತಾಗ ಆ್ಯಪ್ ತೆರೆಯದೆ ಹಿಂದಿನವರು ಗೊಣಗುತ್ತಾರಲ್ಲ, ಆಗ ಕಾಣುತ್ತದೆ. '8 ಜಿಬಿ ಜೊತೆಗೆ 8 ಜಿಬಿ ವರ್ಚುವಲ್ ರ‍್ಯಾಮ್' ಎಂಬ ಜಾಹೀರಾತಿನಲ್ಲಿ ಎರಡನೆಯ ಎಂಟು ಈ ಸ್ಟೋರೇಜಿನಿಂದಲೇ ಕಡ ಪಡೆದದ್ದು. ನಿಜವಾದ ರ‍್ಯಾಮಿನ ವೇಗ ಅದಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಸ್ಟೋರೇಜಿನ ಬಗೆಯನ್ನು ವಿವರಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲವೆಂದರೆ ಉಳಿತಾಯ ಅಲ್ಲಿಯೇ ಆಗಿದೆ ಎಂದು ಅನುಮಾನಿಸಲು ಅಡ್ಡಿಯಿಲ್ಲ.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಬದಿಯಲ್ಲಿ ಮೂರು ವೃತ್ತಗಳಿದ್ದರೂ 2 ಮೆಗಾಪಿಕ್ಸೆಲ್‌ನ 'ಮ್ಯಾಕ್ರೊ', 'ಡೆಪ್ತ್' ಎಂಬವು ಎಣಿಕೆಗೆ ಮಾತ್ರ. ಮುಖ್ಯ ಕ್ಯಾಮೆರಾಕ್ಕೆ ಓಐಎಸ್, ಅಂದರೆ ಕೈನಡುಕವನ್ನು ಮಸೂರವೇ ಸರಿದೂಗಿಸುವ ವ್ಯವಸ್ಥೆ ಇದೆಯೇ ಎಂಬುದೊಂದನ್ನು ನೋಡಿಕೊಂಡರೆ ಸಾಕು. 50 ಮೆಗಾಪಿಕ್ಸೆಲ್ ಎಂದು ಬರೆದ ಕ್ಯಾಮೆರಾ ಸಾಮಾನ್ಯ ಬಳಕೆಯಲ್ಲಿ ನಾಲ್ಕು ಬಿಂದುಗಳನ್ನು ಒಂದಾಗಿ ಕೂಡಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಮನೆಯಲ್ಲಿ ಮಾಡುವ ಕೊನೆಯ ಕೆಲಸ ಸರ್ವಿಸ್ ಸೆಂಟರಿನ ವಿಚಾರಣೆ. ಹಲವು ಕಂಪನಿಗಳು ಬಿಡಿಭಾಗಗಳ ದರಪಟ್ಟಿಯನ್ನು ತಮ್ಮ ಜಾಲತಾಣದಲ್ಲಿಯೇ ಪ್ರಕಟಿಸುತ್ತವೆ. ಪರದೆ ಮತ್ತು ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಬರೆದಿಟ್ಟುಕೊಂಡರೆ ಫೋನಿನ ನಿಜವಾದ ಬೆಲೆ ತಿಳಿಯುತ್ತದೆ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಸಾಲಾದರೂ ಇದೆ, ತಾಲ್ಲೂಕು ಕೇಂದ್ರದಲ್ಲಿರುವವರು ಹತ್ತಿರದ ಅಧಿಕೃತ ಕೇಂದ್ರ ಯಾವ ಊರಿನಲ್ಲಿದೆ ಎಂದು ನೋಡಿಯೇ ಕಂಪನಿಯನ್ನು ಆರಿಸುವುದು ಕ್ಷೇಮ. ಐಪಿ64, ಐಪಿ68 ಎಂಬ ಅಂಕಿಗಳು ನೀರು, ಧೂಳಿನ ತಡೆಯನ್ನು ಸೂಚಿಸುತ್ತವೆ ನಿಜ, ಆದರೆ ನೀರು ಹೊಕ್ಕು ಕೆಟ್ಟ ಫೋನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಇನ್ನೊಂದು ಉಪಾಯವಿದೆ: ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ ಬ್ಯಾಟರಿ ಬಾಳಿಕೆ, ಬಿದ್ದಾಗಿನ ಗಟ್ಟಿತನ, ದುರಸ್ತಿಯ ಸುಲಭತೆಗಳನ್ನು ದರ್ಜೆಯಲ್ಲಿ ತೋರಿಸುವ ಲೇಬಲ್ ಕಡ್ಡಾಯವಾಗಿದೆ. ಅದೇ ಮಾದರಿ ಅಲ್ಲಿಯೂ ಮಾರಾಟದಲ್ಲಿದ್ದರೆ ಈ ಲೇಬಲನ್ನು ನಾವೂ ನೋಡಬಹುದು. ಆದರೆ ಹೆಸರು ಒಂದೇ ಇದ್ದು ಭಾರತದ ಮಾದರಿಯ ಬ್ಯಾಟರಿ ಬೇರೆಯಾಗಿರುವುದುಂಟು, ಮಾದರಿ ಸಂಖ್ಯೆಯನ್ನು ತಾಳೆ ನೋಡಬೇಕು.

ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಆನ್‌ಲೈನಿನಲ್ಲಿ ಕೊಳ್ಳುವವರೂ ಒಮ್ಮೆ ಅಂಗಡಿಗೆ ಹೋಗಿ ಡೆಮೊ ಫೋನನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದು ಪೂರ್ತಿ ಬೆಳಕಿನಲ್ಲಿ, ಬಣ್ಣ ಉಕ್ಕುವ ವಿಡಿಯೊ ಓಡಿಸುತ್ತ ನಿಂತಿರುತ್ತದೆ. ಆ ವಿಡಿಯೊವನ್ನು ನಿಲ್ಲಿಸಿ, ಬಿಳಿ ಹಿನ್ನೆಲೆಯ ಒಂದು ಪುಟ ತೆರೆದು, ಪರದೆಯನ್ನು ಓರೆಯಾಗಿಸಿ ಬಿಳುಪು ಎಷ್ಟು ಹಳದಿಗೋ ನೀಲಿಗೋ ತಿರುಗುತ್ತದೆ ಎಂದು ಗಮನಿಸಬೇಕು. ಬಾಗಿಲವರೆಗೆ ಒಯ್ಯಲು ಬಿಟ್ಟರೆ ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ ನೋಡಬೇಕು. ಜಾಹೀರಾತಿನಲ್ಲಿ ಬರುವ ಸಾವಿರಾರು ನಿಟ್ಸ್ ಎಂಬ ಗರಿಷ್ಠ ಪ್ರಕಾಶ ಪರದೆಯ ಚಿಕ್ಕ ಭಾಗದಲ್ಲಿ ಕೆಲವೇ ಕ್ಷಣ ಸಿಗುವಂಥದ್ದು, ಬೀದಿಯ ಬಿಸಿಲಿಗೆ ಅದು ಸಾಕ್ಷಿಯಾಗದು.

ಮುಂದಿನದು ಇಂಗ್ಲಿಷ್ ವಿಮರ್ಶೆಗಳಲ್ಲಿ ಎಂದೂ ಕಾಣದ ಪರೀಕ್ಷೆ. ಸೆಟ್ಟಿಂಗ್ಸಿಗೆ ಹೋಗಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಎರಡು ಹಂತ ಹೆಚ್ಚಿಸಿ, ಮೆನುಗಳನ್ನು ಒಂದೊಂದಾಗಿ ತೆರೆಯಬೇಕು. ರೋಮನ್ ಅಕ್ಷರಗಳ ಎತ್ತರಕ್ಕೆ ಅಳತೆ ಮಾಡಿದ ಗುಂಡಿಗಳಲ್ಲಿ ನಮ್ಮ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವುದು, ಉದ್ದದ ಪದಗಳು ಅರ್ಧಕ್ಕೆ ನಿಂತು ಚುಕ್ಕಿಗಳಾಗುವುದು ಕೆಲವು ಕಂಪನಿಗಳ ಸಾಫ್ಟ್‌ವೇರಿನಲ್ಲಿ ಇಂದಿಗೂ ಇದೆ. 'ಸ್ವಾತಂತ್ರ್ಯ', 'ಕರ್ತೃತ್ವ', 'ವೈಶಿಷ್ಟ್ಯ' ಎಂದು ಟೈಪ್ ಮಾಡಿ, ಒತ್ತುಗಳು ಪೂರ್ತಿ ಮೂಡುತ್ತವೆಯೇ ಎಂದು ನೋಡಬೇಕು. ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವನ್ನೂ ಅಲ್ಲಿಯೇ ಪರೀಕ್ಷಿಸಬಹುದು. ಫೋನ್ ಅಪ್ಪ ಅಮ್ಮನಿಗಾಗಿ ಕೊಳ್ಳುವುದಾದರೆ ಈ ಐದು ನಿಮಿಷ ಚಿಪ್ಪಿನ ಚರ್ಚೆಗಿಂತ ಹೆಚ್ಚು ಬೆಲೆಬಾಳುತ್ತದೆ. ಅವರ ಪಾಲಿಗೆ ಅಕ್ಷರ ಕತ್ತರಿಸಿದ ಗುಂಡಿ ಎಂದರೆ ಇಲ್ಲದ ಗುಂಡಿ.

ಕ್ಯಾಮೆರಾವನ್ನು ಅಂಗಡಿಯ ಹೂಕುಂಡಕ್ಕೆ ಹಿಡಿಯುವುದರಿಂದ ಪ್ರಯೋಜನವಿಲ್ಲ. ಜೊತೆಗೆ ಬಂದವರನ್ನು ಎರಡು ಹೆಜ್ಜೆ ನಡೆಯಲು ಹೇಳಿ, ನಡೆಯುತ್ತಿರುವಾಗಲೇ ಚಿತ್ರ ತೆಗೆಯಬೇಕು. ಮುಖ ಮಸುಕಾಗಿದ್ದರೆ, ಒತ್ತಿದ ಕ್ಷಣಕ್ಕೂ ಚಿತ್ರಕ್ಕೂ ಅಂತರವಿದ್ದರೆ, ಮನೆಯ ಮಗುವಿನ ಚಿತ್ರವೂ ಹಾಗೆಯೇ ಬರುತ್ತದೆ. ಮೈಬಣ್ಣವನ್ನು ಕೇಳದೆಯೇ ತಿಳಿಗೊಳಿಸುವ ಸೌಂದರ್ಯವರ್ಧಕವನ್ನು ಪೂರ್ತಿ ಆಫ್ ಮಾಡಲು ಬರುತ್ತದೆಯೇ ಎಂದೂ ನೋಡಿಕೊಳ್ಳಬೇಕು.

ಮೊದಲ ವಾರ

ಆನ್‌ಲೈನಿನಲ್ಲಿ ತರಿಸಿದ್ದರೆ ಡಬ್ಬಿ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೊದಲ್ಲಿ ಹಿಡಿದಿಡಬೇಕು. 'ಏಳು ದಿನದ ಬದಲಾವಣೆ' ಎಂದು ಬರೆದಿದ್ದರೂ ಹಲವು ಕಡೆ ಸರ್ವಿಸ್ ಸೆಂಟರಿನವರು ದೋಷವಿದೆ ಎಂದು ಬರೆದುಕೊಟ್ಟರೆ ಮಾತ್ರ ಅದು ನಡೆಯುತ್ತದೆ, ಆದ್ದರಿಂದ ಷರತ್ತನ್ನು ಕೊಳ್ಳುವ ಮೊದಲೇ ಓದಿರಬೇಕು. ಫೋನ್ ಚಾಲೂ ಆದ ಕೂಡಲೇ *#06# ಒತ್ತಿದರೆ 15 ಅಂಕಿಗಳ ಐಎಂಇಐ, ಅಂದರೆ ಆ ಫೋನಿಗೆಂದೇ ಇರುವ ಗುರುತಿನ ಸಂಖ್ಯೆ ಕಾಣುತ್ತದೆ. ಅದು ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಒಂದೇ ಆಗಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅಥವಾ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಮೂದಿಸಿದರೆ ಅದು ಯಾವ ಮಾದರಿಯದು, ತಡೆಹಿಡಿದದ್ದೇ ಎಂಬ ಉತ್ತರ ಬರುತ್ತದೆ. ಹಳೆಯ ಫೋನ್ ಕೊಳ್ಳುವವರಿಗೆ ಇದು ಬಿಡಲೇಬಾರದ ಹೆಜ್ಜೆ.

ಆಮೇಲೆ ಕರೆ. ಎರಡು ವರ್ಷದ ಹಿಂದೆ ಅತ್ತಿಗೆಗೆ ನಾನೇ ಆರಿಸಿಕೊಟ್ಟ ಫೋನಿನಲ್ಲಿ ಚಿಪ್ಪು, ಪರದೆ, ಬ್ಯಾಟರಿ ಎಲ್ಲವೂ ಸೊಗಸಾಗಿದ್ದವು. ಕಿವಿಗಿಟ್ಟರೆ ಮಾತ್ರ ಕೆನ್ನೆ ತಗುಲಿ ಕರೆ ಮ್ಯೂಟ್ ಆಗುತ್ತಿತ್ತು, "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಎಂದು ಅವರು ಕೂಗುತ್ತಿದ್ದರು. ಕೆನ್ನೆ ಹತ್ತಿರ ಬಂದದ್ದನ್ನು ಅರಿಯುವ ನಿಜವಾದ ಸೆನ್ಸರ್ ಅದರಲ್ಲಿ ಇರಲಿಲ್ಲ, ಸಾಫ್ಟ್‌ವೇರೇ ಊಹಿಸುತ್ತಿತ್ತು; ಉಳಿತಾಯ ಅಲ್ಲಿ ಆಗಿತ್ತು, ನಾನು ನೋಡಿರಲಿಲ್ಲ. ಅಂದಿನಿಂದ ಮೊದಲ ದಿನವೇ ಹತ್ತು ನಿಮಿಷದ ಎರಡು ಕರೆ ಮಾಡಿಸುತ್ತೇನೆ, ಒಂದನ್ನು ನಿಂತು, ಇನ್ನೊಂದನ್ನು ಮಲಗಿಕೊಂಡು. ಗೂಗಲ್ ಮ್ಯಾಪ್ಸ್ ತೆರೆದು ಕೈ ತಿರುಗಿಸಿದಂತೆ ದಿಕ್ಕಿನ ಗುರುತೂ ತಿರುಗುತ್ತದೆಯೇ ಎಂದು ನೋಡಿದರೆ ದಿಕ್ಸೂಚಿ ಇದೆಯೋ ಇಲ್ಲವೋ ತಿಳಿಯುತ್ತದೆ. ಸಿನಿಮಾ ನೋಡುವವರು, ನಕಲು ತಡೆಯುವ ವ್ಯವಸ್ಥೆಯಾದ ಡಿಆರ್‌ಎಂ ಮಾಹಿತಿ ತೋರಿಸುವ ಉಚಿತ ಆ್ಯಪೊಂದನ್ನು ಹಾಕಿ, ವೈಡ್‌ವೈನ್ ಎಂಬಲ್ಲಿ ಎಲ್1 ಇದೆಯೇ ಎಂದು ಪರಿಶೀಲಿಸಬೇಕು. ಎಲ್3 ಎಂದಿದ್ದರೆ ಪರದೆ ಎಷ್ಟೇ ಸೂಕ್ಷ್ಮವಾಗಿದ್ದರೂ ಅನೇಕ ಒಟಿಟಿಗಳ ಚಿತ್ರ ಎಚ್‌ಡಿ ಗುಣಮಟ್ಟಕ್ಕೆ ಏರುವುದಿಲ್ಲ.

ಬ್ಯಾಟರಿಯ ಪರೀಕ್ಷೆಯನ್ನು ಮೂರನೆಯ ದಿನ ಮಾಡುವುದು ಸರಿ, ಏಕೆಂದರೆ ಮೊದಲೆರಡು ದಿನ ಫೋನ್ ಹಳೆಯ ಫೋಟೊ, ಸಂದೇಶಗಳನ್ನು ಇಳಿಸಿಕೊಳ್ಳುತ್ತ, ಆ್ಯಪುಗಳನ್ನು ನವೀಕರಿಸುತ್ತ ಇರುತ್ತದೆ. ರಾತ್ರಿ ಮಲಗುವಾಗ ಡೇಟಾ ಆಫ್ ಮಾಡದೆ ಬ್ಯಾಟರಿಯ ಶೇಕಡಾವಾರು ಬರೆದಿಟ್ಟು ಬೆಳಿಗ್ಗೆ ನೋಡಬೇಕು. ಏಳು ಗಂಟೆಯಲ್ಲಿ ಐದಕ್ಕಿಂತ ಹೆಚ್ಚು ಇಳಿದಿದ್ದರೆ ಹಿನ್ನೆಲೆಯಲ್ಲಿ ಏನೋ ಎಚ್ಚರವಾಗಿದೆ ಎಂದರ್ಥ, ಕೆಲವೊಮ್ಮೆ ಮನೆಯಲ್ಲಿ ಸಿಗ್ನಲ್ ದುರ್ಬಲವಾಗಿರುವುದೂ ಕಾರಣ. ಚಾರ್ಜರಿನ ವಾಟ್ ಸಂಖ್ಯೆ ಆಯಾ ಕಂಪನಿಯ ಸ್ವಂತ ಚಾರ್ಜರಿಗೆ ಮಾತ್ರ ಅನ್ವಯಿಸುವುದು ಸಾಮಾನ್ಯ, ಮನೆಯಲ್ಲಿರುವ ಬೇರೆ ಚಾರ್ಜರಿನಿಂದ ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ಒಮ್ಮೆ ನೋಡಿಕೊಳ್ಳಬೇಕು.

ಬಿಸಿಯ ಪರೀಕ್ಷೆ ನಮ್ಮ ಹವೆಗೆ ತಕ್ಕಂತೆ ಆಗಬೇಕು. ಕಂಪನಿಗಳು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸುವಂತೆ ಸೂಚಿಸುತ್ತವೆ, ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಮಧ್ಯಾಹ್ನದ ಹೊತ್ತು ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಮೊಬೈಲ್ ಡೇಟಾದಲ್ಲಿ ಅರ್ಧ ಗಂಟೆ ಮ್ಯಾಪ್ ನಡೆಸಿ ನೋಡಬೇಕು. ಬೆಚ್ಚಗಾಗುವುದು ಸಹಜ, ಪರದೆ ತಾನಾಗಿಯೇ ಮಂಕಾದರೆ, ನಕ್ಷೆ ತೊದಲಿದರೆ, ಬೈಕಿಗೆ ಫೋನ್ ಸಿಕ್ಕಿಸಿಕೊಂಡು ದಿನವಿಡೀ ಡೆಲಿವರಿ ಕೆಲಸ ಮಾಡುವವರಿಗೆ ಆ ಫೋನ್ ಹೊಂದುವುದಿಲ್ಲ. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತಿರುವವರಿಗೆ ಅದೇ ಫೋನ್ ಸಾಕಾದೀತು.

ಬಿಡುವಿನಲ್ಲಿ, ಕೇಳದೆ ಬಂದ ಆ್ಯಪುಗಳನ್ನು ತೆಗೆದುಹಾಕಿ, ಲಾಕ್ ಸ್ಕ್ರೀನಿನ ಜಾಹೀರಾತುಗಳನ್ನು ಆಫ್ ಮಾಡಿ, ಮರುದಿನ ಅವು ಮರಳಿ ಬಂದಿವೆಯೇ ನೋಡಬೇಕು. ದೋಷ ಕಂಡರೆ ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ದೂರು ಕೊಡಬೇಕು. ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. ಈ ಎಲ್ಲ ಪರೀಕ್ಷೆಗೂ ಹಳೆಯ ಫೋನ್ ಕೈಯಲ್ಲಿರುವುದು ಅಗತ್ಯ. ವಿನಿಮಯದ ಕರಾರಿನಲ್ಲಿ ಹೊಸದು ತಂದವರು ಹಳೆಯದನ್ನು ಬಾಗಿಲಲ್ಲೇ ಒಯ್ಯುತ್ತಾರೆ, ಹೊಸದು ಮರಳಿಸಬೇಕಾಗಿ ಬಂದರೆ ನಡುವಿನ ದಿನಗಳಲ್ಲಿ ಬ್ಯಾಂಕಿನ ಒಟಿಪಿ ಬರಲು ಕೂಡ ಮನೆಯಲ್ಲಿ ಫೋನ್ ಇರುವುದಿಲ್ಲ. ವಿನಿಮಯಕ್ಕೆ ಸಿಗುವುದು ಸಾವಿರ, ಎರಡು ಸಾವಿರವಷ್ಟೇ ಆದರೆ ನಾನು ಹಳೆಯದನ್ನು ಇಟ್ಟುಕೊಳ್ಳುತ್ತೇನೆ, ಎಂಟನೆಯ ದಿನದವರೆಗೆ ಅದರಿಂದ ಒಂದು ಫೋಟೊವನ್ನೂ ಅಳಿಸುವುದಿಲ್ಲ.