ಹಾಸ್ಟೆಲ್ ಗೋಡೆ ಕೆಡದಂತೆ ಪೋಸ್ಟರ್ ಹಚ್ಚುವುದು ಹೇಗೆ?

ಯಾವ ಟೇಪು ಒಳ್ಳೆಯದು ಎಂದು ಸ್ಟೇಷನರಿ ಅಂಗಡಿಯಲ್ಲಿ ಕೇಳುವ ಮುನ್ನ ಕೋಣೆಯ ಗೋಡೆಯ ಮೇಲೊಮ್ಮೆ ಅಂಗೈ ಎಳೆದು ನೋಡಿ. ಅಂಗೈಗೆ ಬಿಳಿ ಪುಡಿ ಹತ್ತಿತೋ ಇಲ್ಲವೋ ಎಂಬುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ. ಪೋಸ್ಟರ್ ನಡುರಾತ್ರಿ ಕಳಚಿ ಬೀಳುವುದಕ್ಕೂ, ಟೇಪಿನ ಜೊತೆ ಬಣ್ಣದ ಹಕ್ಕಳೆ ಕಿತ್ತು ಬರುವುದಕ್ಕೂ, ವರ್ಷದ ಕೊನೆಗೆ ಠೇವಣಿಯಲ್ಲಿ ಹಣ ಮುರಿದುಕೊಳ್ಳುವುದಕ್ಕೂ ಹೆಚ್ಚಿನ ಸಲ ಕಾರಣ ಒಂದೇ: ಗೋಡೆ ಎಂಥದು ಎಂದು ನೋಡದೆ ಅಂಟು ಆರಿಸಿರುವುದು.

ಇಟ್ಟಿಗೆ ಅಥವಾ ಕಲ್ಲು, ಅದರ ಮೇಲೆ ಗಿಲಾವು, ಗಿಲಾವಿನ ಮೇಲೆ ಪುಟ್ಟಿ ಇಲ್ಲವೇ ಸುಣ್ಣ, ಕಡೆಗೆ ಬಣ್ಣ. ಟೇಪು ಎಳೆದಾಗ ಈ ಪದರಗಳಲ್ಲಿ ಎಲ್ಲಿ ಹಿಡಿತ ಕಡಿಮೆಯೋ ಅಲ್ಲೇ ಬಿಡುತ್ತದೆ. ಟೇಪಿಗೂ ಬಣ್ಣಕ್ಕೂ ನಡುವಿನ ಹಿಡಿತ ಕಡಿಮೆಯಿದ್ದರೆ ಟೇಪು ಸ್ವಚ್ಛವಾಗಿ ಬರುತ್ತದೆ. ಬಣ್ಣಕ್ಕೂ ಪುಟ್ಟಿಗೂ ನಡುವಿನದು ಕಡಿಮೆಯಿದ್ದರೆ ಬಣ್ಣವೇ ಎದ್ದು ಬರುತ್ತದೆ. ಹಾಗಾಗಿ ಗಟ್ಟಿ ಅಂಟು ಹುಡುಕುವುದೇ ತಪ್ಪು. ಪೋಸ್ಟರ್ ನಿಲ್ಲುವಷ್ಟು ಮಾತ್ರ ಹಿಡಿದು, ಕೀಳುವಾಗ ಬಣ್ಣಕ್ಕಿಂತ ಮೊದಲು ತಾನು ಬಿಡುವ ಅಂಟು ಬೇಕು.

ಗೋಡೆ ಯಾವುದು?

ಅಂಗೈಗೆ ಪುಡಿ ಹತ್ತಿದರೆ ಅದು ಸುಣ್ಣದ ಗೋಡೆ ಅಥವಾ ನೀರಿನಲ್ಲಿ ಕಲಸಿ ಬಳಿಯುವ ಅಗ್ಗದ ಬಣ್ಣವಾದ ಡಿಸ್ಟೆಂಪರಿನ ಹಳೆಯ ಗೋಡೆ. ಹತ್ತದಿದ್ದರೆ ಬೆರಳು ಅದ್ದಿ ಒಂದು ಹನಿ ನೀರು ಗೋಡೆಗೆ ಹಚ್ಚಿ. ಹನಿ ಮುತ್ತಿನಂತೆ ನಿಂತು ಕೆಳಗೆ ಜಾರಿದರೆ ಆಯಿಲ್ ಪೇಂಟ್. ನೀರು ಹೀರಿ ಆ ಜಾಗ ಕಪ್ಪಾದರೆ ಡಿಸ್ಟೆಂಪರ್. ಕಪ್ಪಾಗದೆ, ಒರೆಸಿದರೆ ನೀರು ಹೋಗಿಬಿಟ್ಟರೆ ಎಮಲ್ಷನ್, ಅಂದರೆ ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಪೊರೆಯಂತಾಗುವ ಬಣ್ಣ. ಕೆಲವು ಹಾಸ್ಟೆಲ್‌ಗಳಲ್ಲಿ ಕೆಳಗಿನ ನಾಲ್ಕಡಿ ಆಯಿಲ್ ಪೇಂಟ್, ಅದರ ಮೇಲೆ ಡಿಸ್ಟೆಂಪರ್ ಇರುತ್ತದೆ. ಹಾಗಿದ್ದರೆ ಒಂದೇ ಗೋಡೆಯಲ್ಲಿ ಎರಡು ಗೋಡೆ ಇದ್ದಂತೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಹಳೆಯ ಮನೆಯನ್ನೇ ಪಿ.ಜಿ. ಮಾಡಿದ ಕಡೆ ಸಂದುಗಳಿಗೆ ಮಾತ್ರ ಸಿಮೆಂಟ್ ತುಂಬಿದ ಶಹಾಬಾದ್ ಕಲ್ಲಿನ ಗೋಡೆಯೋ, ಬೀದರ್ ಕಡೆಯ ಜಂಬಿಟ್ಟಿಗೆ ಗೋಡೆಯೋ ಸಿಗಬಹುದು. ಒರಟು ಕಲ್ಲಿಗೆ ಯಾವ ಟೇಪೂ ಪೂರ್ತಿ ತಾಗುವುದಿಲ್ಲ, ಅಲ್ಲಲ್ಲಿ ಉಬ್ಬಿನ ಮೇಲಷ್ಟೇ ಕೂರುತ್ತದೆ. ಆ ಗೋಡೆಗೆ ಅಂಟಿನ ಯೋಚನೆಯನ್ನೇ ಬಿಡಿ.

ಇನ್ನೊಂದು ಪರೀಕ್ಷೆ ಕಡ್ಡಾಯ. ಅಲಮಾರಿಯ ಹಿಂದೆಯೋ ಮಂಚದ ಮರೆಯಲ್ಲೋ ಎರಡಿಂಚಿನ ಟೇಪಿನ ತುಂಡು ಹಚ್ಚಿ, ಒಂದು ಪೂರ್ತಿ ದಿನ ಬಿಟ್ಟು ನಿಧಾನ ಕೀಳಿ. ಹಿಂಬದಿಯಲ್ಲಿ ಬಣ್ಣದ ಚೂರು ಕಂಡರೆ ಆ ಗೋಡೆಗೆ ಆ ಟೇಪು ಬೇಡ. ಹಚ್ಚಿದ ಕೂಡಲೇ ಕಿತ್ತು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅಂಟಿನ ಹಿಡಿತ ಗಂಟೆ ಕಳೆದಂತೆ ಬೆಳೆಯುತ್ತದೆ.

ಗೋಡೆಯ ಬುಡದಲ್ಲಿ ಉಪ್ಪು ಹೂವಿನಂತೆ ಎದ್ದಿದ್ದರೆ ಅಥವಾ ಬಣ್ಣ ಗುಳ್ಳೆ ಕಟ್ಟಿದ್ದರೆ ಅಲ್ಲಿ ತೇವ ಏರುತ್ತಿದೆ. ಆ ಜಾಗದಿಂದ ದೂರ ಸರಿಯಿರಿ.

ನಮ್ಮ ಬಿಸಿಲಿನ ಲೆಕ್ಕ

ಗೋಡೆಗೆ ಹಾನಿ ಮಾಡದ ಟೇಪುಗಳ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ತಂಪು ಊರಿನವರು ಹೇಳಿದ್ದು. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಕಲಬುರಗಿ, ಯಾದಗಿರಿಗೆ ಹೊಸದಲ್ಲ. ಮೇಲಿನ ಮಹಡಿಯ ಪಡುವಣ ಗೋಡೆ ಸಂಜೆ ಐದಕ್ಕೆ ಮುಟ್ಟಿದರೆ ಒಳಗಿನಿಂದಲೂ ಬೆಚ್ಚಗಿರುತ್ತದೆ. ಬಾಲ ಹಿಡಿದು ಎಳೆದು ತೆಗೆಯುವ ‘ಕಮಾಂಡ್’ ಬ್ರ್ಯಾಂಡಿನ ಅಂಟುಪಟ್ಟಿಗಳಂಥವನ್ನು ತಯಾರಕರೇ ಸುಮಾರು 10ರಿಂದ 40 ಡಿಗ್ರಿಯೊಳಗೆ ಬಳಸಲು ಹೇಳುತ್ತಾರೆ. ಅದನ್ನು ಮೀರಿದರೆ ಅಂಟು ಮೆತ್ತಗಾಗಿ ಪೋಸ್ಟರ್ ದಿನಕ್ಕೊಂದಿಷ್ಟು ಕೆಳಗೆ ಜಾರುತ್ತದೆ. ಆದ್ದರಿಂದ ಬಿಸಿಲು ಬೀಳುವ ಹೊರಗೋಡೆ ಬಿಟ್ಟು, ಪಕ್ಕದ ಕೋಣೆಗೆ ಹೊಂದಿಕೊಂಡ ಒಳಗೋಡೆಯನ್ನೇ ಆರಿಸಿ. ಕೂಲರ್ ಇದ್ದರೆ ಅದರ ಗಾಳಿ ನೇರ ಬಡಿಯುವ ಗೋಡೆಯೂ ಬೇಡ. ಆ ಗಾಳಿಯಲ್ಲಿ ತೇವ ಇರುತ್ತದೆ, ಕಾಗದ ಎರಡೇ ದಿನಕ್ಕೆ ಅಲೆ ಅಲೆಯಾಗಿ ಉಬ್ಬುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋಗುವವರು ಪೋಸ್ಟರ್‌ಗಳನ್ನು ತೆಗೆದಿಟ್ಟೇ ಹೋಗಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೇ ತಿಂಗಳು ಪೂರ್ತಿ ಬೆಂದ ಟೇಪು ಜೂನಿನಲ್ಲಿ ಕಾಗದವಷ್ಟೇ ಕೈಗೆ ಬಂದು ಅಂಟು ಗೋಡೆಯಲ್ಲೇ ಉಳಿಯುತ್ತದೆ.

ಹಿಂದಿನ ದಿನದ ಕೆಲಸ

ಪೋಸ್ಟರ್ ಭಾರಕ್ಕೆ ಬೀಳುವುದಿಲ್ಲ. 130 ಜಿಎಸ್ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಕಾಗದದ ಎ3 ಪೋಸ್ಟರ್ ತೂಗುವುದು ಸುಮಾರು 16 ಗ್ರಾಂ. ಅದನ್ನು ಕೆಡವುವುದು ಸುರುಳಿಯ ಸೆಳೆತ ಮತ್ತು ಫ್ಯಾನಿನ ಗಾಳಿ. ಸುರುಳಿ ಬಿಚ್ಚಿ ತಂದ ಕಾಗದ ಮತ್ತೆ ಸುರುಳಿಯಾಗಲು ಹಗಲು ರಾತ್ರಿ ಎಳೆಯುತ್ತಲೇ ಇರುತ್ತದೆ, ಮೂಲೆಯ ಟೇಪಿಗೆ ಒಂದು ಗಳಿಗೆಯೂ ಬಿಡುವಿಲ್ಲ. ಆದ್ದರಿಂದ ಮೊದಲು ಮುದ್ರಣದ ಬದಿ ಹೊರಗೆ ಬರುವಂತೆ ಉಲ್ಟಾ ಸುತ್ತಿ ಎರಡು ಗಂಟೆ ಬಿಡಿ. ಬಳಿಕ ಹಳೆ ಪತ್ರಿಕೆಯ ನಡುವೆ ಇಟ್ಟು ಹಾಸಿಗೆಯ ಕೆಳಗೆ ಒಂದು ರಾತ್ರಿ ಸೇರಿಸಿ. ಇಸ್ತ್ರಿಪೆಟ್ಟಿಗೆ ಹಾಯಿಸಬೇಡಿ, ಹೊಳಪಿನ ಕಾಗದದ ಮೇಲ್ಪದರ ಶಾಖಕ್ಕೆ ಅಂಟಿಕೊಳ್ಳುತ್ತದೆ.

ಆಯಿಲ್ ಪೇಂಟ್, ಎಮಲ್ಷನ್ ಗೋಡೆಗೆ

ಇಲ್ಲಿ ಟೇಪು ನಡೆಯುತ್ತದೆ. ಬೇಕಾದದ್ದು ಒಂದಿಂಚು ಅಗಲದ ಮಾಸ್ಕಿಂಗ್ ಟೇಪು, ಅರ್ಧ ಇಂಚು ಅಗಲದ ತೆಳು ಡಬಲ್ ಸೈಡ್ ಟೇಪು, ಒಣ ಬಟ್ಟೆ. ಹೊಸದಾಗಿ ಬಣ್ಣ ಬಳಿದ ಕೋಣೆಯಾದರೆ ಕನಿಷ್ಠ ಒಂದು ವಾರ ಕಾಯಿರಿ. ಕೈಗೆ ಹತ್ತದಷ್ಟು ಒಣಗಿದ ಬಣ್ಣ ಒಳಗೆ ಇನ್ನೂ ಹಸಿ ಇರುತ್ತದೆ.

ಮೊದಲು ಗೋಡೆಯ ಧೂಳು ಒರೆಸಿ. ಎರೆಮಣ್ಣಿನ ನುಣುಪು ಧೂಳು ಕಿಟಕಿಯಿಂದ ಬಂದು ಕಣ್ಣಿಗೆ ಕಾಣದಂತೆ ಗೋಡೆಗೆ ಕೂತಿರುತ್ತದೆ. ಟೇಪು ಹಿಡಿಯುವುದು ಆ ಧೂಳನ್ನೇ ಹೊರತು ಗೋಡೆಯನ್ನಲ್ಲ. ಆಮೇಲೆ ಪೋಸ್ಟರಿನ ಮೂಲೆ ಬರುವ ಜಾಗದಲ್ಲಿ ಗೋಡೆಗೆ ಎರಡಿಂಚಿನ ಮಾಸ್ಕಿಂಗ್ ಟೇಪು ಹಚ್ಚಿ, ಅದರ ಮೇಲೆ ಅಂಚು ದಾಟದಂತೆ ಒಂದೂವರೆ ಇಂಚಿನ ಡಬಲ್ ಸೈಡ್ ಟೇಪು ಕೂಡಿಸಿ. ಡಬಲ್ ಸೈಡ್ ಟೇಪು ಗೋಡೆಗೆ ಎಲ್ಲೂ ತಾಗಬಾರದು, ಈ ಜೋಡಿಯ ಗುಟ್ಟು ಅಷ್ಟೇ. ಗಟ್ಟಿ ಅಂಟು ಕಾಗದದ ಕಡೆ, ಸಡಿಲ ಅಂಟು ಗೋಡೆಯ ಕಡೆ. ಪೋಸ್ಟರಿನ ಹಿಂಬದಿಯನ್ನೂ ಉಳಿಸಬೇಕೆಂದರೆ ಅದಕ್ಕೂ ಒಂದು ಮಾಸ್ಕಿಂಗ್ ತುಂಡು ಹಚ್ಚಿ, ಆಗ ಕಾಗದ ಹರಿಯುವುದಿಲ್ಲ.

ಎ3 ಅಳತೆಗೆ ನಾಲ್ಕು ಮೂಲೆ, ಉದ್ದದ ಬದಿಗಳ ನಡುವೆ ಒಂದೊಂದು, ಒಟ್ಟು ಆರು. 18×24 ಇಂಚಿನ ನಕಾಶೆಗೆ ಎಂಟು. ಕೆಳಗಿನ ಅಂಚನ್ನು ಬಿಟ್ಟುಬಿಡುವವರೇ ಹೆಚ್ಚು, ಫ್ಯಾನಿನ ಗಾಳಿ ನುಗ್ಗುವುದು ಅಲ್ಲಿಂದಲೇ. ಮೇಲಿನ ಎರಡು ಮೂಲೆ ಮೊದಲು ಒತ್ತಿ, ಕೈಯನ್ನು ನಡುವಿನಿಂದ ಹೊರಕ್ಕೆ ಸವರುತ್ತ ಕೆಳಗೆ ಬನ್ನಿ. ನೇರ ನೋಡಲು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟರೆ ಸಾಕು, ಗಾರೆ ಕೆಲಸದವರ ತೂಕದ ಗುಂಡಿನ ಕೆಲಸವನ್ನೇ ಅದು ಮಾಡುತ್ತದೆ. ಸಾದಾ ಕೆನೆ ಬಣ್ಣದ ಮಾಸ್ಕಿಂಗ್ ಟೇಪನ್ನು ತಿಂಗಳುಗಟ್ಟಲೆ ಬಿಡಬಾರದು. ಆಗಾಗ ಕಿತ್ತು ಹೊಸದು ಹಚ್ಚಿ.

ದಪ್ಪ ಫೋಮ್ ಟೇಪು, ಫೆವಿಕಾಲ್, ಸೆಲ್ಲೋ ಟೇಪು ಮೂರೂ ಗೋಡೆಗೆ ಬೇಡ. ಫೋಮ್ ಟೇಪು ಕೀಳುವಾಗ ಸ್ಪಂಜು ಹರಿದು ಅರ್ಧ ಗೋಡೆಯಲ್ಲೇ ಉಳಿಯುತ್ತದೆ ಅಥವಾ ಪುಟ್ಟಿಯನ್ನೇ ಎಬ್ಬಿಸುತ್ತದೆ. ಸೆಲ್ಲೋ ಟೇಪಿನ ಅಂಟು ಹಳದಿಗಟ್ಟಿ ಕಲೆ ಬಿಡುತ್ತದೆ. ಕಣಕದಂತೆ ನಾದಿ ಹಚ್ಚುವ ನೀಲಿ ಅಂಟು ಆಯಿಲ್ ಪೇಂಟಿಗೆ ಅಡ್ಡಿಯಿಲ್ಲ. ಡಿಸ್ಟೆಂಪರಿಗೆ ಹಚ್ಚಿದರೆ ಅದರ ಎಣ್ಣೆ ಇಳಿದು ಒಗೆದರೂ ಹೋಗದ ಕಲೆಯಾಗುತ್ತದೆ.

ಪುಡಿ ಹತ್ತುವ ಗೋಡೆಗೆ

ಸುಣ್ಣದ ಗೋಡೆಗೆ, ಹಳೆ ಡಿಸ್ಟೆಂಪರಿಗೆ ಯಾವ ಅಂಟೂ ಬೇಡ. ಹಗುರದ್ದು ನಿಲ್ಲುವುದಿಲ್ಲ, ಗಟ್ಟಿಯದು ಗೋಡೆಯನ್ನೇ ತರುತ್ತದೆ. ಕೋಣೆಯಲ್ಲಿ ಗೋಡೆಯಲ್ಲದ ಆಸರೆ ಯಾವುದಿದೆ ನೋಡಿ: ಕಿಟಕಿಯ ಸರಳು, ವೆಂಟಿಲೇಟರ್ ಸರಳು, ಯಾರೋ ಹಿಂದೆಯೇ ಹೊಡೆದ ಮೊಳೆ, ಕಬ್ಬಿಣದ ಮಂಚದ ತಲೆಗಟ್ಟು, ಅಲಮಾರಿ, ಗೋಡೆಯೊಳಗಿನ ಕಲ್ಲಿನ ಶೆಲ್ಫು. ಇಷ್ಟರಲ್ಲಿ ಹತ್ತು ಪೋಸ್ಟರ್ ಇಡಬಹುದು, ಒಂದು ಹಕ್ಕಳೆಯೂ ಏಳುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಹಗ್ಗ. ಬಟ್ಟೆ ಒಣಹಾಕುವ 3-4 ಮಿಲಿಮೀಟರ್ ನೈಲಾನ್ ಹಗ್ಗವನ್ನು ಕಿಟಕಿ ಸರಳಿನಿಂದ ಎದುರಿನ ಮೊಳೆಗೋ ವೆಂಟಿಲೇಟರಿಗೋ ಗೋಡೆಯ ಮಗ್ಗುಲಲ್ಲೇ ಕಟ್ಟಿ. ಒಂದು ತುದಿಗೆ ಜೀರುಗುಣಿಕೆ ಹಾಕಿದರೆ ಸಡಿಲಾದಾಗ ಬಿಗಿಯಲು ಸುಲಭ. ವೀಣೆಯ ತಂತಿಯಂತೆ ಬಿಗಿಯಬೇಡಿ. ಹತ್ತಡಿ ಹಗ್ಗ ನಡುವೆ ನಾಲ್ಕಿಂಚು ಜೋತಿರಲಿ. ಹಗ್ಗ ಎಷ್ಟು ನೆಟ್ಟಗಿರುತ್ತದೋ ಅಷ್ಟು ಹೆಚ್ಚು ಸೆಳೆತ ತುದಿಯ ಮೊಳೆಗೆ ಬೀಳುತ್ತದೆ, ಹಳೆ ಗಿಲಾವಿನ ಮೊಳೆ ಅದಕ್ಕೇ ಕಿತ್ತು ಬರುತ್ತದೆ. ಫ್ಯಾನಿನ ಅಲಗಿನಿಂದ ಎರಡಡಿಯಾದರೂ ದೂರವಿರಲಿ. ವಿದ್ಯುತ್ ತಂತಿಯ ಪೈಪಿಗೆ, ಸ್ವಿಚ್ ಬೋರ್ಡಿನ ಸುತ್ತ ಯಾವ ಕಾರಣಕ್ಕೂ ಕಟ್ಟಬೇಡಿ, ಕಾಗದವನ್ನೂ ತೂಗುಹಾಕಬೇಡಿ.

ಹಗ್ಗಕ್ಕೆ ಕಾಗದವನ್ನು ನೇರ ಕ್ಲಿಪ್ಪಿಗೆ ಸಿಕ್ಕಿಸಿದರೆ ಕೆಳಭಾಗ ಸುರುಳಿಯಾಗಿ ಗಾಳಿಗೆ ಪಟಪಟ ಬಡಿಯುತ್ತದೆ. ಅದಕ್ಕೆ ಸ್ಟಿಕ್ ಫೈಲಿನ ಪ್ಲಾಸ್ಟಿಕ್ ಕಡ್ಡಿ ಹೇಳಿ ಮಾಡಿಸಿದಂತಿದೆ. ಎ4 ಹಾಳೆಯ ಉದ್ದಕ್ಕೆ ಸರಿಹೊಂದುವ ಈ ಕಡ್ಡಿಯನ್ನು ಮೇಲಿನ ಅಂಚಿಗೊಂದು, ಕೆಳಗಿನ ಅಂಚಿಗೊಂದು ಜಾರಿಸಿ. ಎ3 ಪೋಸ್ಟರನ್ನು ನಿಲುವಾಗಿ ಹಿಡಿದರೆ ಅಗಲ 29.7 ಸೆಂಟಿಮೀಟರ್, ಅದಕ್ಕೂ ಇದೇ ಕಡ್ಡಿ ಸಾಕು. ಕೆಳಗಿನ ಕಡ್ಡಿಯ ತೂಕ ಕಾಗದವನ್ನು ನೆಟ್ಟಗಿಡುತ್ತದೆ. ದೊಡ್ಡ ನಕಾಶೆಗೆ ಹಳೆ ಕ್ಯಾಲೆಂಡರಿನ ತಗಡಿನ ಪಟ್ಟಿ ಬಿಡಿಸಿ ಕೂಡಿಸಿ, ಅಂಚನ್ನು ಇಕ್ಕಳದಿಂದ ಒತ್ತಿ.

ಪಠ್ಯಕ್ರಮ, ವೇಳಾಪಟ್ಟಿ, ಸೂತ್ರಗಳ ಹಾಳೆ ಮೇಲಿಂದ ಮೇಲೆ ಬದಲಾಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೋಣೆಯಲ್ಲಂತೂ ವಾರಕ್ಕೊಂದು. ಅವುಗಳಿಗೆ 2×3 ಅಡಿಯ ಒಂದು ಹಲಗೆ ಮಾಡಿಕೊಳ್ಳಿ. ಫ್ಲೆಕ್ಸ್ ಅಂಗಡಿಯ 5 ಮಿಲಿಮೀಟರ್ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ತುಂಡು, ಅದಿಲ್ಲದಿದ್ದರೆ ಪೆಟ್ಟಿಗೆಯ ರಟ್ಟನ್ನು ಎರಡು ಪದರ ಮಾಡಿ ಹಚ್ಚಿದರೂ ಆದೀತು. ಹಲಗೆಯನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ. ಬುಡ ಗೋಡೆಯಿಂದ ಎರಡಿಂಚು ಮುಂದಿರಲಿ, ಜಾರದಂತೆ ಎದುರಿಗೆ ಒಂದು ದಪ್ಪ ಪುಸ್ತಕ ಇಡಿ. ಹಲಗೆಗೆ ಪಿನ್ನು ಚುಚ್ಚಿ, ಟೇಪು ಹಚ್ಚಿ, ಯಾರೂ ಕೇಳುವುದಿಲ್ಲ. ಕಬ್ಬಿಣದ ಅಲಮಾರಿಯ ಬಾಗಿಲಿಗೆ ದುಂಡು ಅಯಸ್ಕಾಂತ ನಾಲ್ಕು ಸಾಕು.

ಗಾಜಿನ ಫೋಟೊ

ಬಸವಣ್ಣನವರದೋ ಅಂಬೇಡ್ಕರರದೋ ಮನೆಯವರದೋ ಕಟ್ಟು ಹಾಕಿದ ಫೋಟೊ ತಂದಿದ್ದರೆ ಇಲ್ಲಿ ಮಾತ್ರ ತೂಕದ ಲೆಕ್ಕ ಬೇಕು. 2 ಮಿಲಿಮೀಟರ್ ದಪ್ಪದ ಎ4 ಗಾಜು ಒಂದೇ ಸುಮಾರು 300 ಗ್ರಾಂ, 12×18 ಇಂಚಿನದಾದರೆ 700 ಗ್ರಾಂ. ಅಷ್ಟೇ ದಪ್ಪದ ಅಕ್ರಿಲಿಕ್ ಹಾಳೆ ಹಾಕಿಸಿದರೆ ಆ ತೂಕ ಅರ್ಧವಾಗುತ್ತದೆ. ಕಮಾಂಡ್ ಪಟ್ಟಿ ಬಳಸುವುದಾದರೆ ಪೊಟ್ಟಣದ ಮೇಲೆ ಬರೆದ ತೂಕದ ಅರ್ಧಕ್ಕಿಂತ ಹೆಚ್ಚು ಹೇರಬೇಡಿ, ನಮ್ಮ ಸೆಕೆಗೆ ಆ ಎಚ್ಚರ ಬೇಕೇ ಬೇಕು. ಗೋಡೆ ಒರೆಸಿ, ಪಟ್ಟಿಯನ್ನು ಪೂರ್ತಿ 30 ಸೆಕೆಂಡ್ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಫೋಟೊ ಹಾಕಿ. ಮಲಗುವ ಮಂಚದ ಮೇಲ್ಗಡೆ ಗಾಜಿನ ಫೋಟೊ ಹಾಕಲೇಬಾರದು. ಕಲ್ಲಿನ ಶೆಲ್ಫ್ ಇದ್ದರೆ ಅದೇ ಫೋಟೊಗೆ ಸರಿಯಾದ ಜಾಗ.

ತೆಗೆಯುವಾಗ

ಹಾನಿ ಆಗುವುದು ಬಹಳ ಸಲ ಹಚ್ಚುವಾಗಲ್ಲ, ಕೀಳುವಾಗ. ಟೇಪನ್ನು ನಮ್ಮ ಕಡೆಗೆ ಎಳೆದರೆ ಬಣ್ಣವೂ ಅದೇ ದಿಕ್ಕಿಗೆ ಏಳುತ್ತದೆ. ತುದಿಯನ್ನು ಮಡಚಿ ಟೇಪಿನ ಮೇಲೆಯೇ ಹಿಂದಕ್ಕೆ, ಗೋಡೆಗೆ ಒತ್ತಿದಂತೆ ಎಳೆಯುತ್ತ ಬನ್ನಿ, ಒಂದಿಂಚಿಗೆ ಐದಾರು ಸೆಕೆಂಡ್. ಗಟ್ಟಿಯಾಗಿ ಹಿಡಿದಿದ್ದರೆ ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬಿಸಿ ಗಾಳಿ ಬಿಡಿ, ಅಂಟು ಮೆತ್ತಗಾಗುತ್ತದೆ. ಕಮಾಂಡ್ ಪಟ್ಟಿಯ ಬಾಲವನ್ನು ಗೋಡೆಯ ಗುಂಟ ನೇರ ಕೆಳಕ್ಕೆ ನಿಧಾನ ಎಳೆಯಬೇಕು. ಅದು ರಬ್ಬರಿನಂತೆ ಉದ್ದವಾಗುತ್ತ ತೆಳ್ಳಗಾಗಿ ತಾನೇ ಬಿಡುತ್ತದೆ. ಎದುರಿಗೆ ಎಳೆದರೆ ಬಾಲ ತುಂಡಾಗಿ ಪಟ್ಟಿ ಗೋಡೆಯಲ್ಲೇ ಉಳಿಯುತ್ತದೆ.

ಉಳಿದ ಅಂಟನ್ನು ಉಗುರಿನಿಂದ ಕೆರೆಯಬೇಡಿ. ಹೊಸ ಟೇಪಿನ ಅಂಟು ಬದಿಯಿಂದ ತಟ್ಟಿ ತಟ್ಟಿ ಎಬ್ಬಿಸಿ, ಮಿಕ್ಕಿದ್ದನ್ನು ರಬ್ಬರಿನಿಂದ ಉಜ್ಜಿ. ಆಯಿಲ್ ಪೇಂಟ್, ಟೈಲ್ಸ್, ಅಲಮಾರಿಯ ಮೇಲಾದರೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಸೋಪಿನ ನೀರಿನಿಂದ ಒರೆಸಿ. ಡಿಸ್ಟೆಂಪರ್, ಎಮಲ್ಷನ್ ಮೇಲೆ ಎಣ್ಣೆ ಬೇಡ.

ಇಷ್ಟಾದರೂ ಹಕ್ಕಳೆ ಎದ್ದರೆ ಟೂತ್‌ಪೇಸ್ಟ್ ತುಂಬಿ ಮುಚ್ಚುವುದು ಬೇಡ, ಅದು ಒಣಗಿ ಬಿರಿಯುತ್ತದೆ, ಮೇಲೆ ಬಣ್ಣವೂ ಹಿಡಿಯುವುದಿಲ್ಲ. ಸಡಿಲ ಅಂಚನ್ನು ತೆಗೆದು ಜಾಗ ಒದ್ದೆ ಮಾಡಿ, ಒಂದೆರಡು ಚಮಚ ವಾಲ್ ಪುಟ್ಟಿಯನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿ ಹಳೆ ಎಟಿಎಂ ಕಾರ್ಡಿನಿಂದ ತೆಳ್ಳಗೆ ಎಳೆಯಿರಿ. ಐದಾರು ಗಂಟೆ ಒಣಗಿದ ಮೇಲೆ 220 ನಂಬರಿನ ಉಜ್ಜುಕಾಗದದಿಂದ ಸಮ ಮಾಡಿ. ಬಣ್ಣವನ್ನು ಮಾತ್ರ ಅಂದಾಜಿನಿಂದ ತರಬೇಡಿ. ವಾರ್ಡನ್ ಬಳಿ ಬಣ್ಣದ ಶೇಡ್ ನಂಬರ್ ಕೇಳಿ, ಅದೇ ಡಬ್ಬಿ ಉಳಿದಿದ್ದರೆ ಒಂದು ಲೋಟದಷ್ಟು ತಂದುಕೊಳ್ಳಿ. ಚಿಕ್ಕ ಸ್ಪಂಜಿನಿಂದ ತಟ್ಟಿ ಹಚ್ಚಿ. ಬ್ರಷ್ಷಿನ ಗೆರೆ ಹಳೆ ಗೋಡೆಯ ಮೇಲೆ ದೂರದಿಂದಲೇ ಕಾಣುತ್ತದೆ.